ಕದಲದ ಹೆಜ್ಜೆ, ಕುಗ್ಗುವ ಸಹಿ

(ಸಂಘದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಪಾರ್ಕಿನ್ಸನ್ ಕಾಯಿಲೆ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ನಡುಗುವ ಕೈ. ಆಯುರ್ವೇದ ಇಂಥದೊಂದು ವ್ಯಾಧಿಯನ್ನು ಕಂಪವಾತವೆಂದು ಕರೆದಿದೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಬರೆದ ಪ್ರಬಂಧದ ಶೀರ್ಷಿಕೆಯಲ್ಲೂ ನಡುಕವೇ ಮುಂದಿದೆ. ಆದರೆ ಬಹುಮಂದಿ ರೋಗಿಗಳನ್ನು ನಡುಕಕ್ಕಿಂತ ಹೆಚ್ಚಾಗಿ ಕಾಡುವುದು ನಿಶ್ಚಲತೆ. ಚಲನೆ ನಿಧಾನವಾಗುತ್ತದೆ, ಕೈಕಾಲು ಬಿಗಿಯುತ್ತವೆ, ಮುಖದ ಭಾವ ಮಾಸುತ್ತದೆ, ಬಾಗಿಲ ಬಳಿ ಬಂದ ಪಾದ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಮನೆಯವರು ಇದನ್ನು ಹಟವೆಂದೋ ಸೋಮಾರಿತನವೆಂದೋ ಬಗೆಯುತ್ತಾರೆ. ಭೌತಶಾಸ್ತ್ರ ಓದಿ ಸರ್ಕಾರಿ ಕಡತಗಳ ಪಾಲಾದ ನನಗೆ, ಈ ಅಪಾರ್ಥವನ್ನು ಅಲ್ಲಗಳೆಯುವ ಸಾಕ್ಷ್ಯ ಕಂಡದ್ದು ಮಿದುಳಿನ ವಿದ್ಯುತ್ತಿನಲ್ಲಿ.

ಮಧ್ಯಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ನಶಿಸುವುದು ರೋಗದ ಪ್ರಧಾನ ಅಂಶ. ಮಿದುಳಿನಲ್ಲಿ ಡೋಪಮೈನ್ ಆಗಿ ಮಾರ್ಪಡುವ ಲೆವೊಡೋಪ 1960ರ ದಶಕದಿಂದ ಬಳಕೆಯಲ್ಲಿದೆ. (ಮೈಗೆ ತಗುಲಿದರೆ ತುರಿಕೆ ಹತ್ತಿಸುವ ನಮ್ಮ ನಸುಗುನ್ನಿಯ ಬೀಜದಲ್ಲೂ ಇದೇ ವಸ್ತುವಿದೆ. ಹಾಗೆಂದು ಯಾರೂ ಸ್ವಯಂವೈದ್ಯಕ್ಕೆ ಇಳಿಯಬಾರದು.)

ರಸಾಯನದ ಈ ಕೊರತೆ ವಿದ್ಯುತ್ತಿನ ಲಯವನ್ನೂ ಕೆಡಿಸುತ್ತದೆ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮಾನವನ ಮಿದುಳಿನ ತರಂಗಗಳನ್ನು ಮೊದಲಿಗೆ ದಾಖಲಿಸಿದರು. ಅವುಗಳಲ್ಲಿ ಸೆಕೆಂಡಿಗೆ ಸುಮಾರು 13ರಿಂದ 30 ಬಾರಿ ಏರಿಳಿಯುವುದು ಬೀಟಾ ತರಂಗ. ನಾವು ಒಂದೇ ಭಂಗಿಯಲ್ಲಿದ್ದಾಗ ಚಲನೆಗೆ ಸಂಬಂಧಿಸಿದ ಕೇಂದ್ರಗಳಲ್ಲಿ ಇದು ಪ್ರಬಲವಾಗಿರುತ್ತದೆ. ಕೈಯೆತ್ತುವ ಮುನ್ನ ತಗ್ಗುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಏಳುತ್ತದೆ. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ‘ಯಥಾಸ್ಥಿತಿ ಕಾಪಾಡತಕ್ಕದ್ದು’ ಎಂಬ ಆದೇಶವಿದು. ಪಾರ್ಕಿನ್ಸನ್ ರೋಗಿಗಳಲ್ಲಿ, ಥಲಾಮಸ್‌ನ ಕೆಳಗಿರುವ ಕಾಳಿನಷ್ಟು ಸಣ್ಣ ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ನಲ್ಲಿ ನರಕೋಶಗಳು ಒಂದೇ ತಾಳಕ್ಕೆ ಸಿಲುಕಿ, ಈ ಆದೇಶ ಹಿಂತೆಗೆಯಲಾಗದಷ್ಟು ಬಲಿಯುತ್ತದೆ. ಲೆವೊಡೋಪ ಕೊಟ್ಟಾಗ ಬೀಟಾ ತಗ್ಗುತ್ತದೆ. ಅದು ತಗ್ಗಿದಷ್ಟೂ ಬಿಗಿತ ಮತ್ತು ಮಂದಗತಿ ಸುಧಾರಿಸುವುದನ್ನು ಸಂಶೋಧಕರು ಕಂಡಿದ್ದಾರೆ. ನಡುಕಕ್ಕೂ ಬೀಟಾಕ್ಕೂ ಅಂಥ ನೇರ ನಂಟು ಕಾಣುವುದಿಲ್ಲ. ಈ ಲಯ ರೋಗಲಕ್ಷಣದ ಕಾರಣವೋ ಬರಿಯ ಗುರುತೋ ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ನಿಂತ ಮನುಷ್ಯನಿಗೆ ನಡೆಯುವ ಇಚ್ಛೆ ಇಲ್ಲವೆನ್ನುವ ವಾದ ಮುಗಿದಿದೆ.

1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಾಬಿದ್ ಮತ್ತು ಸಂಗಡಿಗರು ಮಿದುಳಿನ ಆಳಕ್ಕೆ ತಂತಿಯಿಳಿಸಿ, ತೀವ್ರಗತಿಯ ವಿದ್ಯುತ್ ಮಿಡಿತಗಳಿಂದ ನಡುಕವನ್ನು ತಡೆದರು. 1990ರ ದಶಕದಲ್ಲಿ ಅದೇ ಉಪಾಯ ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ಗೂ ವಿಸ್ತರಿಸಿತು. ಸೆಕೆಂಡಿಗೆ ಸುಮಾರು 130 ಮಿಡಿತಗಳು ಆ ಹಟಮಾರಿ ಬೀಟಾವನ್ನು ಅಡಗಿಸುತ್ತವೆ. ಬೀಟಾವನ್ನು ಆಲಿಸುತ್ತ ವಿದ್ಯುತ್ತನ್ನು ತಾನೇ ಹೆಚ್ಚುಕಡಿಮೆ ಮಾಡುವ ಸಾಧನಕ್ಕೆ 2025ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇದು ರೋಗವನ್ನು ಗುಣಪಡಿಸದು. ಖರ್ಚಂತೂ ಹಲವು ಲಕ್ಷ ರೂಪಾಯಿ. ಕಾಸಿಲ್ಲದ ಉಪಾಯವೂ ಒಂದುಂಟು: ಹೆಜ್ಜೆಯ ಅಂತರಕ್ಕೆ ನೆಲದ ಮೇಲೆ ಅಡ್ಡಗೆರೆಗಳನ್ನೆಳೆದರೆ, ಕದಲದೆ ನಿಂತ ಅನೇಕರು ಅವನ್ನು ದಾಟುತ್ತ ನಡೆಯಬಲ್ಲರು.

ಇನ್ನು ನನ್ನ ಕ್ಷೇತ್ರದ ಮಾತು. ಬರವಣಿಗೆ ಕಿರಿದಾಗುತ್ತ ಹೋಗುವುದೂ ಈ ರೋಗದ ಲಕ್ಷಣ. ನಿವೃತ್ತರೊಬ್ಬರ ಸಹಿ ಮಾದರಿ ಸಹಿಗೆ ತಾಳೆಯಾಗಲಿಲ್ಲವೆಂದು ಅವರ ಪಿಂಚಣಿಯ ಕಾಗದ ಮೂರು ಸಲ ಹಿಂದಿರುಗಿದ್ದನ್ನು ನಾನು ಬಲ್ಲೆ. ಗುಮಾಸ್ತನಿಗೆ ಅದು ಸಂಶಯಾಸ್ಪದ ಸಹಿ. ವಾಸ್ತವದಲ್ಲಿ ಅದೇ ರೋಗದ ಸಾಕ್ಷಿ. ಹಾಗೆ ನೋಡಿದರೆ ಕಾನೂನು ಗುಮಾಸ್ತನಿಗಿಂತ ಉದಾರಿ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಪಾರ್ಕಿನ್ಸನ್ನನ್ನು ಹೆಸರಿಸಿಯೇ ಪಟ್ಟಿಗೆ ಸೇರಿಸಿದೆ. ಸಹಿ ಹಾಕಲಾಗದ ವೃದ್ಧ ಖಾತೆದಾರರಿಂದ, ಇಬ್ಬರು ಸಾಕ್ಷಿಗಳ ಸಮಕ್ಷಮ ಹೆಬ್ಬೆಟ್ಟಿನ ಗುರುತನ್ನು ಸ್ವೀಕರಿಸಲು ಬ್ಯಾಂಕುಗಳಿಗೆ ಅವಕಾಶವಿದೆ. ಜೀವಿತ ಪ್ರಮಾಣಪತ್ರವನ್ನು 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿಯೂ ಸಲ್ಲಿಸಬಹುದು. ನವೆಂಬರ್ ತಿಂಗಳಿನ ಶನಿವಾರಗಳಂದು ಸಂಜೆ ನಾನು ಸಂಘದ ವಾಚನಾಲಯದಲ್ಲಿರುತ್ತೇನೆ. ಇಂಥ ಹಿರಿಯರು ಮನೆಯಲ್ಲಿದ್ದರೆ, ಅವರ ಕಾಗದಪತ್ರಗಳನ್ನು ತನ್ನಿ. ಅವರನ್ನು ಮೆಟ್ಟಿಲು ಹತ್ತಿಸಬೇಕಿಲ್ಲ, ನಾನೇ ಮನೆಗೆ ಬರುತ್ತೇನೆ.