ಭರವಸೆಗೂ ಒಂದು ಎಸ್ಟಿಮೇಟ್ ಬೇಕು

(ಯಲಹಂಕದಲ್ಲಿ ನಡೆದ ತಿಂಗಳ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ಸರ್ಕಾರಿ ಎಂಜಿನಿಯರೊಬ್ಬರು ಮಾಡಿದ ಭಾಷಣ)

 

ನಾನು ಪ್ರವಚನಕಾರನಲ್ಲ. ಸರ್ಕಾರಿ ಕೆಲಸದಲ್ಲಿ ಎಸ್ಟಿಮೇಟ್ ಬರೆದು, ಅಳತೆ ಪುಸ್ತಕ ತುಂಬಿ ನಿವೃತ್ತನಾದವನು. 2023ರ ವಿಧಾನಸಭಾ ಚುನಾವಣೆಯಲ್ಲಿ, ಮೇ 10ರ ಬೆಳಗಿನವರೆಗೂ ಯಾರಿಗೆ ಮತ ಹಾಕಬೇಕೆಂದು ನನಗೆ ತೀರ್ಮಾನವಾಗಿರಲಿಲ್ಲ. ಅಷ್ಟು ವರ್ಷ ಮತ ಹಾಕಿದ ನನಗೆ ಆ ಗೊಂದಲ ಅದೇ ಮೊದಲು. ಯಾರಿಗೆ ಹಾಕಿದೆ ಎನ್ನುವುದನ್ನು ಇವತ್ತು ಹೇಳುವುದಿಲ್ಲ. ಹೇಗೆ ತೂಗಿದೆ ಎನ್ನುವುದನ್ನು ಮಾತ್ರ ಹೇಳುತ್ತೇನೆ.

ಎಲ್ಲರೂ ಬದಲಾವಣೆಯ ಮಾತನ್ನೇ ಆಡುತ್ತಿದ್ದರು. ಕಾಂಗ್ರೆಸ್ಸಿನದು ಐದು ಗ್ಯಾರಂಟಿ: 200 ಯೂನಿಟ್ ವಿದ್ಯುತ್, ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, ತಲೆಗೆ 10 ಕೆ.ಜಿ. ಅಕ್ಕಿ, ಪದವಿ ಮುಗಿಸಿದ ನಿರುದ್ಯೋಗಿಗೆ ಭತ್ಯೆ, ಹೆಣ್ಣುಮಕ್ಕಳಿಗೆ ಉಚಿತ ಬಸ್ಸು. ಬಿಜೆಪಿಯದು ಬಡ ಕುಟುಂಬಕ್ಕೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಸಿಲಿಂಡರ್. ಜೆಡಿಎಸ್‌ನದು ಪಂಚರತ್ನ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೆಲಸವೇನು, ಎಷ್ಟು ಪ್ರಮಾಣ, ಯಾವ ದಿನಾಂಕದೊಳಗೆ, ದುಡ್ಡು ಯಾರದು ಎಂದು ನಾಲ್ಕು ಕಾಲಂ ಎಳೆದೆ. ಮೊದಲೆರಡು ಕಾಲಂ ತುಂಬಿದವು. ಕೊನೆಯ ಎರಡು ಬಹುಮಟ್ಟಿಗೆ ಖಾಲಿ ಉಳಿದವು.

ಆ ದಿನಗಳಲ್ಲಿ ದಾವಣಗೆರೆಯಿಂದ ನನ್ನ ಹೆಂಡತಿಯ ತಮ್ಮ ಫೋನ್ ಮಾಡಿದ. "ಇದ್ರಾಗೆ ಯೋಚ್ನೆ ಮಾಡೋದೇನೈತಿ ಭಾವ? ನಮ್ಮೋರಿಗೆ ಒತ್ತಿಬಿಡ್ರಿ" ಅಂದ. ನಿಜ ಹೇಳುತ್ತೇನೆ, ಅದಕ್ಕೂ ಹಿಂದಿನ ಚುನಾವಣೆಗಳಲ್ಲಿ ನಾನು ಮಾಡಿದ್ದೂ ಅದನ್ನೇ. ಕೊರಳಲ್ಲಿ ಇಷ್ಟಲಿಂಗ ಧರಿಸಿ, ಜಾತಿ ಇಲ್ಲವೆಂದು ಇಂಥ ವೇದಿಕೆಗಳಲ್ಲಿ ಕೇಳಿಸಿಕೊಂಡು, ಮತಗಟ್ಟೆಯೊಳಗೆ ಹೋದಾಗ ಮಾತ್ರ ಜಾತಿ ನೋಡಿ ಗುಂಡಿ ಒತ್ತುತ್ತಿದ್ದೆ.

ಇನ್ನೊಂದು ಕಡೆ, ಗ್ಯಾರಂಟಿಗಳನ್ನು 'ಬಿಟ್ಟಿ ಭಾಗ್ಯ' ಎಂದು ನಾನೂ ನಗುತ್ತಿದ್ದೆ. ನಮ್ಮ ಮನೆಗೆಲಸಕ್ಕೆ ಬರುವ ತಾಯಿ ಒಂದು ದಿನ ಕೇಳಿಸಿಕೊಂಡರು. "ಬಸ್ ಚಾರ್ಜ್ ಉಳಿದ್ರೆ ಮಗಳ ಟ್ಯೂಷನ್ನಿಗೆ ಆಗುತ್ತೆ ಸಾರ್. ನಿಮಗೆ ತಿಂಗಳು ತಿಂಗಳು ಪಿಂಚಣಿ ಬರುತ್ತಲ್ಲ, ಅದನ್ನ ಯಾರು ಕೊಡ್ತಾರೆ?" ಅಂದರು. ನನ್ನ ಬಳಿ ಉತ್ತರವಿರಲಿಲ್ಲ. ನನ್ನದು ದುಡಿದದ್ದಕ್ಕೆ ಸಿಗುವ ಹಣ ಎನ್ನಬಹುದಿತ್ತು. ಆದರೆ ಆಕೆ ನನಗಿಂತ ಕಡಿಮೆ ದುಡಿದಿದ್ದಾರೆಯೇ? ಆಕೆಯದು ಕಾಯಕವಲ್ಲವೇ?

ಹಾಗೆಂದು ಲೆಕ್ಕ ಬಿಡುವಂತಿಲ್ಲ. 2024-25ರ ರಾಜ್ಯ ಬಜೆಟ್ ಸುಮಾರು 3.71 ಲಕ್ಷ ಕೋಟಿ. ಅದರಲ್ಲಿ ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 52,000 ಕೋಟಿ, ಅಂದರೆ ಏಳರಲ್ಲಿ ಒಂದು ಪಾಲು. ಬಡವರಿಗೆ ಕೊಡುವುದು ಸರಿ. ಆದರೆ ಇನ್ನುಳಿದ ಆರು ಪಾಲಿನಲ್ಲಿ ರಸ್ತೆ, ಶಾಲೆ, ಆಸ್ಪತ್ರೆ, ಸಂಬಳ, ಸಾಲದ ಬಡ್ಡಿ ಎಲ್ಲವೂ ನಡೆಯಬೇಕು ಎನ್ನುವುದನ್ನು ಕೇಳುವುದೂ ಸರಿ. ಹತ್ತು ಕೆ.ಜಿ. ಅಕ್ಕಿಯ ಮಾತು ಕೊಟ್ಟವರಿಗೆ ಅಕ್ಕಿ ಸಿಗದೆ, 2023ರ ಜುಲೈಯಿಂದ ಐದು ಕೆ.ಜಿ. ಬದಲು ತಲೆಗೆ 170 ರೂಪಾಯಿ ಕೊಡಬೇಕಾಯಿತು. ಇನ್ನು ಉಪನಗರ ರೈಲು. 2022ರ ಜೂನ್‌ನಲ್ಲಿ ಪ್ರಧಾನಿಯವರು ಶಂಕುಸ್ಥಾಪನೆ ಮಾಡಿ 40 ತಿಂಗಳ ಮಾತಾಡಿದರು. 148 ಕಿ.ಮೀ., 15,767 ಕೋಟಿಯ ಯೋಜನೆ. 2025ರ ಅಕ್ಟೋಬರ್‌ಗೆ 40 ತಿಂಗಳು ಮುಗಿಯಿತು. ಯಶವಂತಪುರ, ಹೆಬ್ಬಾಳ, ಯಲಹಂಕದ ನಾವು ಆ ರೈಲು ಹತ್ತಲಿಲ್ಲ. ಮಾತು ತಪ್ಪುವುದಕ್ಕೆ ಪಕ್ಷಭೇದವಿಲ್ಲ.

ಈಗ ನಮ್ಮ ಮನೆಯ ವಿಷಯಕ್ಕೇ ಬರುತ್ತೇನೆ. 2018ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಸರ್ಕಾರ ನಾಗಮೋಹನ ದಾಸ್ ಸಮಿತಿಯ ವರದಿಯ ಮೇಲೆ ನಮ್ಮ ಧರ್ಮದ ಮಾನ್ಯತೆಗೆ ಕೇಂದ್ರಕ್ಕೆ ಶಿಫಾರಸು ಕಳಿಸಿತು. ಮೇ ತಿಂಗಳಲ್ಲಿ ಚುನಾವಣೆ. ಕೇಂದ್ರ ಒಪ್ಪಲಿಲ್ಲ. ಬೇಡಿಕೆ ನ್ಯಾಯವಾದದ್ದೆಂದೇ ನನ್ನ ನಂಬಿಕೆ. ಆದರೆ ಐದು ವರ್ಷದ ಆಡಳಿತದಲ್ಲಿ ಕೊನೆಯ ತಿಂಗಳುಗಳಲ್ಲೇ ಏಕೆ ಎಂದು ನಾವು ಕೇಳಲಿಲ್ಲ. 2023ರ ಮಾರ್ಚ್‌ನಲ್ಲಿ ಬಿಜೆಪಿ ಸರ್ಕಾರ ಮುಸ್ಲಿಮರ ಶೇ 4ರ ಮೀಸಲಾತಿ ತೆಗೆದು ಒಕ್ಕಲಿಗರಿಗೆ ಶೇ 2, ನಮಗೆ ಶೇ 2 ಹಂಚುವ ತೀರ್ಮಾನ ಮಾಡಿತು. ನಮ್ಮದು 5ರಿಂದ 7 ಆಗುತ್ತಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಜಾರಿಯಾಗದೆ ನಿಂತಿತು. ಮೊದಲ ದಿನ ಆ ಸುದ್ದಿ ಓದಿ ನನಗೂ ಖುಷಿಯಾಯಿತು. ಮೊಮ್ಮಗನ ಸೀಟು ನೆನಪಾಯಿತು. ರಾತ್ರಿ ಲಿಂಗಪೂಜೆಗೆ ಕೂತಾಗ ಬೇರೆ ಪ್ರಶ್ನೆ ಎದ್ದಿತು. ಪಕ್ಕದವನ ತಟ್ಟೆಯಿಂದ ತೆಗೆದು ನನಗೆ ಬಡಿಸಿದ್ದನ್ನು ದಾಸೋಹ ಎನ್ನಲಾದೀತೇ?

ಅಂದು ನನ್ನ ನೋಟ್‌ಬುಕ್ಕಿಗೆ ಐದನೆಯ ಕಾಲಂ ಸೇರಿತು: 'ಯಾರ ತಟ್ಟೆಯಿಂದ?' ಮೇ 10ರ ಬೆಳಿಗ್ಗೆ ಆ ಕಾಲಂ ನೋಡಿಯೇ ತೀರ್ಮಾನಿಸಿದೆ. ನಮ್ಮೋರು ಎನ್ನುವುದಕ್ಕೆ ಕಾಲಂ ಇರಲಿಲ್ಲ.

ಅಪ್ಪ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ಭಂಡಾರದ ಹಣ ಶರಣರಿಗೆ ಹೋಗುತ್ತಿದೆಯೆಂದು ದೂರು ಬಂದಾಗ ಲೆಕ್ಕ ಒಪ್ಪಿಸಿದರು, ಕಾಸೂ ಕಡಿಮೆ ಇರಲಿಲ್ಲ ಎಂದು ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ದಾಸೋಹ ಮಾಡಿದವರೇ ಲೆಕ್ಕವನ್ನೂ ಇಟ್ಟರು. ನುಡಿದಂತೆ ನಡೆಯುವುದೆಂದರೆ ಇದೇ ಅಲ್ಲವೇ?

ಬಂಧುಗಳೇ, 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು. ಅಲ್ಲಿಂದ ವರ್ಷಗಟ್ಟಲೆ ನಮ್ಮ ವಾರ್ಡಿನ ಚರಂಡಿಗೆ ಕೇಳುವವರಿಲ್ಲದಂತಾಯಿತು. ಈಗ ನಗರವನ್ನು ಐದು ಪಾಲಿಕೆಗಳಾಗಿ ಮಾಡಿದ್ದಾರೆ. ಪಾಲಿಕೆ ಚುನಾವಣೆಯಲ್ಲಿ ಬಾಗಿಲಿಗೆ ಬಂದವರಿಗೆ ನೀರು ಕೊಡಿ, ಕೂರಿಸಿ, ಪುಸ್ತಕ ತೆಗೆದು ಐದು ಕಾಲಂ ತುಂಬಿಸಿಕೊಳ್ಳಿ. ತೀರ್ಮಾನವಾಗದೆ ಒದ್ದಾಡಿದರೆ ನಾಚಿಕೆ ಬೇಡ. ತೂಗುವವನಿಗೆ ತಕ್ಕಡಿ ಸ್ವಲ್ಪ ಹೊತ್ತು ಅಲುಗಾಡಲೇಬೇಕು.

ನನ್ನ ನೋಟ್‌ಬುಕ್ಕು ಇಗೋ, ಚೀಲದಲ್ಲೇ ಇದೆ. ಇನ್ನೂ ಖಾಲಿ ಹಾಳೆಗಳಿವೆ.