ಮರಳುಗಾಡಿನ ಬಿಡಾರದಲ್ಲಿ ಬಿಸಿನೀರಿನ ಹಂಡೆ

(ಸಂಘದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಸಾಹಿತ್ಯ ಸಂಗೀತಗಳಿಗೆ ಮೀಸಲಾದ ಈ ವೇದಿಕೆಯಿಂದ ನೀರು ಕಾಯಿಸುವ ಯಂತ್ರವೊಂದರ ಕುರಿತು ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಕತಾರಿನಲ್ಲಿ ಚಳಿಗಾಲ ಕಾಲಿಟ್ಟಿತೆಂದರೆ ಸೀಲೈನ್ ಕಡಲತೀರಕ್ಕೂ, ಖೋರ್ ಅಲ್ ಅದೈದ್‌ನ ಒಳಗಡಲಿನ ಅಂಚಿಗೂ, ಪಶ್ಚಿಮದ ಝಿಕ್ರೀತ್‌ನ ಬಯಲಿಗೂ ಡೇರೆಗಳು, ಕ್ಯಾರವಾನುಗಳು ಸಾಲುಗಟ್ಟಿ ಸಾಗುವುದನ್ನು ತಾವು ಬಲ್ಲಿರಿ. ನಮ್ಮ ಕುಟುಂಬಗಳೂ ಕ್ಯಾರವಾನನ್ನು ಬಾಡಿಗೆಗೆ ಹಿಡಿದು ಮಕ್ಕಳೊಡನೆ ಒಂದೆರಡು ರಾತ್ರಿ ಅಲ್ಲಿ ಕಳೆಯುವುದುಂಟು. ಜನವರಿಯ ಮುಂಜಾನೆಯ ಚಳಿಯಲ್ಲಿ ಬಿಸಿನೀರಿಲ್ಲದೆ ಯಾರಿಗೆ ತಾನೇ ಸ್ನಾನ ರುಚಿಸೀತು? ಹಾಗೆ ಬಿಸಿನೀರನ್ನು ಕೊಡುವ ಪುಟ್ಟ ಯಂತ್ರವನ್ನು ನಾವು ಎಷ್ಟು ಬಲ್ಲೆವು ಎಂಬುದೇ ಇಂದಿನ ವಿಚಾರ.

ನಮ್ಮ ಹಿರಿಯರ ಬಚ್ಚಲುಮನೆಯ ಹಂಡೆಯನ್ನು ಒಮ್ಮೆ ನೆನೆಯಿರಿ. ಅದರ ಬಾಯಿ ತೆರೆದಿತ್ತು. ನೀರಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತಿತ್ತು. ಕುದಿದರೆ ಹಬೆ ಮೇಲೇರಿ ಹೋಗುತ್ತಿತ್ತು. ಹೊಗೆ ಕಣ್ಣಿಗೆ ಉರಿ ಬರಿಸಿ ತನ್ನ ಇರವನ್ನು ತಾನೇ ಸಾರುತ್ತಿತ್ತು. ಕ್ಯಾರವಾನಿನ ಹೀಟರು ಇದೇ ಹಂಡೆಯ ವಂಶದ್ದಾದರೂ ಬಾಯಿ ಮುಚ್ಚಿದ ಹಂಡೆ. ಅಮೆರಿಕದ ಮಾದರಿಗಳಲ್ಲಿ ಸುಮಾರು 23 ಅಥವಾ 38 ಲೀಟರು, ಐರೋಪ್ಯ ಮಾದರಿಗಳಲ್ಲಿ 10 ಅಥವಾ 14 ಲೀಟರು ನೀರು ಹಿಡಿಯುವುದು ಸಾಮಾನ್ಯ. ಹಂಡೆ ತಾನಾಗಿಯೇ ತಿಳಿಸುತ್ತಿದ್ದ ಮೂರು ಸಂಗತಿಗಳನ್ನು, ಅಂದರೆ ನೀರು, ಒತ್ತಡ, ಹೊಗೆ ಇವುಗಳನ್ನು, ಇಲ್ಲಿ ನಾವೇ ಹುಡುಕಿ ನೋಡಬೇಕು. ನಾನು ಹೇಳಬೇಕಾದ ಮಾತಿನ ಸಾರವೆಲ್ಲ ಇಷ್ಟೇ.

ಮೊದಲನೆಯದು ನೀರು. ಒಣಗಿದ ತೊಟ್ಟಿಯಲ್ಲಿ ವಿದ್ಯುತ್ತಿನ ಕಾಯಿಲ್ ಕೆಲವೇ ನಿಮಿಷಗಳಲ್ಲಿ, ಒಮ್ಮೊಮ್ಮೆ ಇನ್ನೂ ಬೇಗ, ಸುಟ್ಟುಹೋಗುತ್ತದೆ. ಬಿಸಿನೀರಿನ ನಲ್ಲಿಯಲ್ಲಿ ನೀರು ಬಂದಿತೆಂದು ಸಮಾಧಾನಪಡುವಂತಿಲ್ಲ. ಅನೇಕ ಕ್ಯಾರವಾನುಗಳಲ್ಲಿ ಹೀಟರನ್ನು ಬಳಸಿಕೊಂಡು ಹೋಗುವ ಬೈಪಾಸ್ ಕೊಳವೆಯೊಂದಿರುತ್ತದೆ. ಅದು ತೆರೆದಿದ್ದರೆ ತೊಟ್ಟಿ ಬರಿದಾಗಿದ್ದರೂ ನಲ್ಲಿಯಲ್ಲಿ ನೀರು ಹರಿಯುತ್ತದೆ. ಹೀಟರು ತಣ್ಣಗಿರುವಾಗಲೇ ಪಂಪು ನಡೆಸಿ, ಹೊರಗಿನ ಒತ್ತಡ ಬಿಡುಗಡೆಯ ವಾಲ್ವಿನ ಸನ್ನೆಯನ್ನು ಕ್ಷಣಕಾಲ ಎತ್ತಿ ನೋಡಿ. ನೀರು ಚಿಮ್ಮಿದರೆ ತೊಟ್ಟಿ ತುಂಬಿದೆ ಎಂದರ್ಥ. ಬಳಿಕವೇ ಸ್ವಿಚ್ಚು.

ವಿದ್ಯುತ್ತಿನ ಮಾತು ಬಂದುದರಿಂದ ಇನ್ನೊಂದು ಎಚ್ಚರಿಕೆ. ಕತಾರಿನ ಮನೆಗಳಲ್ಲಿರುವುದು 240 ವೋಲ್ಟಿನ ವಿದ್ಯುತ್ತು. ಅಮೆರಿಕದಿಂದ ತರಿಸಿದ ಕ್ಯಾರವಾನುಗಳು 120 ವೋಲ್ಟಿಗೆ ಸಿದ್ಧವಾದವು. ವೋಲ್ಟು ಇಮ್ಮಡಿಯಾದರೆ ಕಾಯಿಲ್ ಹೀರುವ ಶಕ್ತಿ ನಾಲ್ಮಡಿಯಾಗುತ್ತದೆ: 1440 ವ್ಯಾಟಿನ ಕಾಯಿಲ್ 5760 ವ್ಯಾಟಿನಂತೆ ಉರಿಯತೊಡಗುತ್ತದೆ. ತಕ್ಕ ಟ್ರಾನ್ಸ್‌ಫಾರ್ಮರು, ಭೂಸಂಪರ್ಕ, ಸೋರುವ ವಿದ್ಯುತ್ತನ್ನು ಕಡಿದುಹಾಕುವ ಬ್ರೇಕರು, ಈ ಮೂರೂ ಇವೆಯೇ ಎಂದು ಬಾಡಿಗೆಗೆ ಕೊಡುವವರನ್ನು ಕೇಳಲು ಸಂಕೋಚಪಡಬೇಡಿ.

ಎರಡನೆಯದು ಒತ್ತಡ. ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯ್ದಾಗ ಶೇಕಡಾ ಒಂದೂವರೆಯಷ್ಟು ಹಿಗ್ಗುತ್ತದೆ. 23 ಲೀಟರಿಗೆ ಅದು ಒಂದು ದೊಡ್ಡ ಲೋಟದ ನೀರು. ಹೋಗಲು ದಾರಿಯಿಲ್ಲದಿದ್ದರೆ ಆ ಲೋಟದ ನೀರೇ ತೊಟ್ಟಿಯನ್ನು ಸೀಳಬಲ್ಲದು. ಆದ್ದರಿಂದ ಕಾಯುವ ಹೊತ್ತಿನಲ್ಲಿ ವಾಲ್ವು ಕೆಲವು ಹನಿ ಸುರಿಸಿದರೆ ಗಾಬರಿ ಬೇಡ. ಆ ಹನಿ ಕಿರಿಕಿರಿಯೆಂದು ವಾಲ್ವಿಗೆ ಬಿರಡೆ ಬಡಿಯುವ ಜಾಣತನ ಮಾತ್ರ ಯಾವ ಕಾಲಕ್ಕೂ ಕೂಡದು. ಅನೇಕ ಹೀಟರುಗಳಲ್ಲಿ ತೊಟ್ಟಿಯ ಮೇಲ್ಭಾಗದಲ್ಲಿ ಗಾಳಿಯ ಪದರವೊಂದಿದ್ದು, ಹಿಗ್ಗಿದ ನೀರಿಗೆ ಅದೇ ಎಡೆಗೊಡುತ್ತದೆ. ಅದು ಕರಗಿದಾಗ ಹನಿಯುವುದು ಹೆಚ್ಚುತ್ತದೆ. ಹೀಟರನ್ನು ಆರಿಸಿ, ಪೂರ್ತಿ ತಣಿಸಿ, ಪಂಪು ನಿಲ್ಲಿಸಿ, ಬಿಸಿನೀರಿನ ನಲ್ಲಿ ತೆರೆದು, ಬಳಿಕ ವಾಲ್ವಿನ ಸನ್ನೆ ಎತ್ತಿ ನೀರು ತಾನಾಗಿ ನಿಲ್ಲುವವರೆಗೆ ಬಿಟ್ಟರೆ ಗಾಳಿಯ ಪದರ ಮತ್ತೆ ಕೂಡುತ್ತದೆ. ಅಷ್ಟಾದರೂ ಹನಿಯುತ್ತಲೇ ಇದ್ದರೆ ವಾಲ್ವನ್ನೇ ಬದಲಿಸಬೇಕು.

ಮೂರನೆಯದು ಹೊಗೆ, ಪ್ರಾಣದ ಪ್ರಶ್ನೆ ಇರುವುದು ಇಲ್ಲಿಯೇ. ಗಾಳಿಯಾಡದ ಸ್ನಾನಗೃಹದೊಳಗೆ ಗ್ಯಾಸ್ ಗೀಸರ್ ಹೊತ್ತಿಸಿ ಜೀವ ಕಳೆದುಕೊಂಡವರ ಸುದ್ದಿಯನ್ನು ನಮ್ಮೂರಿನ ಪತ್ರಿಕೆಗಳಲ್ಲಿ ನಾವೆಲ್ಲ ಓದಿದ್ದೇವೆ. ಅನಿಲವು ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬಂದಾಗ ಪ್ರಯಾಣದ ಆಯಾಸವೆಂದು ಮಲಗಿದವರು ಏಳದೇ ಹೋಗಬಹುದು. ಕ್ಯಾರವಾನಿನ ಹೀಟರಿನ ಹೊಗೆಗಂಡಿ ಹೊರಗೋಡೆಯಲ್ಲಿರುತ್ತದೆ. ಅದರ ಮುಂದೆ ಗಾಳಿಗೆ ಅಡ್ಡವಾಗಿ ಟಾರ್ಪಾಲು ಕಟ್ಟುವುದಾಗಲೀ, ಸಾಮಾನು ಒಟ್ಟುವುದಾಗಲೀ ಸಲ್ಲದು. ಜ್ವಾಲೆ ನೀಲಿಯಾಗಿದ್ದರೆ ಕ್ಷೇಮ. ಹಳದಿಗೆ ತಿರುಗಿ ಮಸಿ ಕಟ್ಟತೊಡಗಿದರೆ ಬರ್ನರಿನಲ್ಲಿ ಮರಳೋ ಧೂಳೋ ಸೇರಿದೆ ಎಂದು ತಿಳಿದು ಕೂಡಲೇ ಆರಿಸಿ, ಬಲ್ಲವರಿಂದ ಶುಚಿ ಮಾಡಿಸಬೇಕು. ಚಳಿಯೆಂದು ಇದ್ದಿಲ ಒಲೆಯನ್ನು ಒಳಗೆ ತಂದಿಡುವುದಂತೂ ನೇರವಾಗಿ ಮೃತ್ಯುವನ್ನು ಕರೆದಂತೆ. ಈ ಅನಿಲವನ್ನು ಗುರುತಿಸಿ ಕೂಗುವ ಅಲಾರಮ್ಮಿನ ಬೆಲೆ ಅಲ್ಪ. ಅದಿಲ್ಲದ ಕ್ಯಾರವಾನಿನಲ್ಲಿ ಮಕ್ಕಳನ್ನು ಮಲಗಿಸಬೇಡಿ. ಸಿಲಿಂಡರಿನ ಅನಿಲದ ಸ್ವಭಾವ ಬೇರೆ. ಇಲ್ಲಿ ವಕೂದ್ ಸಂಸ್ಥೆ ಒದಗಿಸುವ ಶಫಾಫ್ ಸಿಲಿಂಡರಿನಲ್ಲಿಯೂ ನಮ್ಮೂರಿನಂತೆಯೇ ದ್ರವೀಕೃತ ಅನಿಲವಿದೆ. ಅದು ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಏಳುವುದೋ ಎಂದು ನೋಡುವ ಹಳೆಯ ಕ್ರಮವೇ ಇಂದಿಗೂ ಉತ್ತಮ.

ಇನ್ನು ನಿರ್ವಹಣೆ. ತಯಾರಕರ ಕೈಪಿಡಿಗಳನ್ನು ತೆರೆದರೆ ಹಿಮಗಟ್ಟುವ ಚಳಿಯಿಂದ ಹೀಟರನ್ನು ಕಾಪಾಡುವ ಬಗೆಗೇ ಪುಟಗಟ್ಟಲೆ ವಿವರಣೆಯಿರುತ್ತದೆ. 2010ರ ಜುಲೈಯಲ್ಲಿ 50.4 ಡಿಗ್ರಿ ತಾಪ ದಾಖಲಾದ ದೋಹಾಕ್ಕೆ ಆ ಪುಟಗಳಿಂದ ಪ್ರಯೋಜನ ಕಡಿಮೆ. ಇಲ್ಲಿ ಯಂತ್ರಕ್ಕೆ ವೈರಿ ಬೇಸಿಗೆ. ಮಾಳಿಗೆಯ ತೊಟ್ಟಿಯ ನೀರು ಸುಡುವುದರಿಂದ, ಜೂನ್ ಬಂದೊಡನೆ ಗೀಸರಿನ ಸ್ವಿಚ್ಚು ಆರಿಸಿ ಅದರೊಳಗಿನ ನೀರನ್ನೇ ತಣ್ಣೀರೆಂದು ಬಳಸುವ ಉಪಾಯ ನಮ್ಮ ಗೃಹಿಣಿಯರಿಗೆಲ್ಲ ಗೊತ್ತು. ಮನೆಯಲ್ಲಿ ಆ ನೀರು ದಿನವೂ ಹರಿಯುತ್ತದೆ. ಕ್ಯಾರವಾನಿನಲ್ಲಿ ತಿಂಗಳುಗಟ್ಟಲೆ ನಿಂತೇ ಇರುತ್ತದೆ. 1976ರಲ್ಲಿ ಫಿಲಡೆಲ್ಫಿಯಾ ನಗರದ ಸಮಾವೇಶವೊಂದರ ಬಳಿಕ ಬೆಳಕಿಗೆ ಬಂದ ಲೀಜನೆಲ್ಲಾ ಎಂಬ ರೋಗಾಣು ವೃದ್ಧಿಯಾಗುವುದು ಇಂಥ 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿಯೇ. ಷವರಿನ ತುಂತುರಿನೊಡನೆ ಅದು ಶ್ವಾಸಕೋಶವನ್ನು ಸೇರುತ್ತದೆ. ಆದಕಾರಣ ಋತು ಮುಗಿದೊಡನೆ ತಣಿದ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ ಒಣಗಿಸಿಡಬೇಕು. ಮರಳಿ ಬಳಸುವಾಗ ಹೊಸ ನೀರು ತುಂಬಿ, 60 ಡಿಗ್ರಿಗೆ ಕಾಯಿಸಿ, ಕಿಟಕಿ ತೆರೆದಿಟ್ಟು ನಲ್ಲಿಗಳಲ್ಲಿ ಹರಿಯಬಿಡಬೇಕು. ಆ ಹೊತ್ತಿನಲ್ಲಿ ಮಕ್ಕಳು ಹತ್ತಿರ ಸುಳಿಯದಿರಲಿ. 60 ಡಿಗ್ರಿಯ ನೀರು ಎಳೆಯ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಡಬಲ್ಲದು.

ಉಕ್ಕಿನ ತೊಟ್ಟಿಯಿದ್ದರೆ ಅದರೊಳಗೆ ಮೆಗ್ನೀಷಿಯಂ ಲೋಹದ ಆನೋಡ್ ಕಡ್ಡಿಯೊಂದಿರುತ್ತದೆ. ತೊಟ್ಟಿಗೆ ಹಿಡಿಯಬೇಕಾದ ತುಕ್ಕನ್ನು ತಾನು ಹೊತ್ತು ಸವೆಯುವುದೇ ಅದರ ಕೆಲಸ. ಮುಕ್ಕಾಲು ಭಾಗ ಸವೆದಿದ್ದರೆ ಹೊಸದನ್ನು ಹಾಕಬೇಕು. ಅಲ್ಯೂಮಿನಿಯಂ ತೊಟ್ಟಿಗೆ ಇದರ ಅಗತ್ಯವಿಲ್ಲ. ನಗರದ ನಲ್ಲಿಗಳಿಗೆ ಕಹ್ರಮಾ ಒದಗಿಸುವ ನೀರು ಕಡಲಿನಿಂದ ಉಪ್ಪು ತೆಗೆದದ್ದು. ತೋಟಗಳ ಬಾವಿಯ ನೀರು ಹಾಗಲ್ಲ, ಅದರಲ್ಲಿನ ಲವಣಗಳು ತಳದಲ್ಲಿ ಗಸಿಯಾಗಿ ಕೂಡುತ್ತವೆ. ಬಿರಡೆ ತೆಗೆದು ಗಸಿ ತೊಳೆದರೆ ನೀರೂ ಬೇಗ ಕಾಯುತ್ತದೆ, ಅನಿಲವೂ ಉಳಿಯುತ್ತದೆ.

ಇದನ್ನೆಲ್ಲ ಯಾವಾಗ ಮಾಡಬೇಕೆಂಬುದಕ್ಕೆ ನಮ್ಮ ಸಂಪ್ರದಾಯದಲ್ಲಿಯೇ ಉತ್ತರವಿದೆ. ನರಕ ಚತುರ್ದಶಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬದಂದು, ಬಚ್ಚಲನ್ನು ತೊಳೆದು, ಹಂಡೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ, ಹಿಂಡಲಕಾಯಿಯ ಬಳ್ಳಿ ಸುತ್ತಿ, ಹೊಸ ನೀರು ತುಂಬುವ ಪದ್ಧತಿ ನಾಡಿನ ಹಲವೆಡೆ ಉಂಟು. ಇದು ಪೂಜೆಯೂ ಹೌದು, ವರ್ಷಕ್ಕೊಮ್ಮೆಯ ದುರಸ್ತಿಯೂ ಹೌದು. ಇಲ್ಲಿನ ಬಿಡಾರಗಳ ಋತು ಆರಂಭವಾಗುವುದೂ ಸರಿಸುಮಾರು ಅದೇ ದಿನಗಳಲ್ಲಿ. ಈ ಸಲ ದೀಪಾವಳಿಯ ಹೊತ್ತಿಗೆ ಮನೆಯ ಗೀಸರನ್ನೂ, ಇದ್ದವರು ಕ್ಯಾರವಾನಿನ ಹೀಟರನ್ನೂ ಒಮ್ಮೆ ಪರೀಕ್ಷಿಸಿ. ಮಕ್ಕಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ನೀರು, ಒತ್ತಡ, ಹೊಗೆ ಎಂಬ ಮೂರು ಮಾತುಗಳನ್ನು ಕಲಿಸಿ. ಹಬ್ಬದ ಅರ್ಥವೂ ಅವರಿಗೆ ತಿಳಿದೀತು, ಯಂತ್ರದ ಅರ್ಥವೂ ತಿಳಿದೀತು.