ದೂರದೇಶದ ವಿದ್ಯೆಗೆ ಮೊದಲ ಬುತ್ತಿ
(ಶತಮಾನೋತ್ಸವದ ಯುವಜನ ಸಮಾವೇಶದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ವೇದಿಕೆಯಿಂದ ಗತಕಾಲವನ್ನು ಸ್ಮರಿಸುವುದು ವಾಡಿಕೆ. ಆ ಕಾರ್ಯವನ್ನು ನಮಗಿಂತ ಮುಂಚೆ ಮಾತನಾಡಿದ ಹಿರಿಯರು ಸಮರ್ಥವಾಗಿ ನೆರವೇರಿಸಿದ್ದಾರೆ. ನಾವು ಮುಂದಿನ ಕಾಲಕ್ಕೆ ಸೇರಿದ ಒಂದು ವಿಷಯವನ್ನು ನಿಮ್ಮ ಮುಂದಿಡಬಯಸುತ್ತೇವೆ. ಹೊರದೇಶದ ವಿಶ್ವವಿದ್ಯಾನಿಲಯದಲ್ಲಿ ಉನ್ನತ ವ್ಯಾಸಂಗ ಮಾಡುವ ಯೋಗ್ಯತೆಯುಳ್ಳ ಮಕ್ಕಳು ನಮ್ಮಲ್ಲಿಯೂ ಇದ್ದಾರೆ. ಅವರಿಗೆ ಹಣದ ನೆರವು ಎಲ್ಲಿಂದ ಬರಬೇಕು? ಅದರಲ್ಲಿ ನಮ್ಮ ಪಾಲೆಷ್ಟು?

ಗುಡೇಕೋಟೆಯ ಸೀಮೆಗೆ ಊರು ಬಿಟ್ಟು ಹೋಗುವುದು ಹೊಸತಲ್ಲ. ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷ ಕೂಡ್ಲಿಗಿ ತಾಲ್ಲೂಕಿನ ಎಷ್ಟೋ ಸಂಸಾರಗಳು ಮಲೆನಾಡಿನ ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಆ ಪ್ರಯಾಣಕ್ಕೆ ಎಂಥ ಬುತ್ತಿ ಕಟ್ಟಬೇಕೆಂಬುದನ್ನು ನಮ್ಮ ತಾಯಂದಿರು ಚೆನ್ನಾಗಿ ಬಲ್ಲರು. ವಿದ್ಯೆಯನ್ನು ಅರಸಿ ದೂರ ಹೊರಡುವ ಮಗನಿಗೆ, ಮಗಳಿಗೆ ಯಾವ ಬುತ್ತಿ ಕಟ್ಟಬೇಕೆಂಬುದನ್ನು ಇನ್ನು ಮೇಲೆ ನಾವು ಕಲಿಯಬೇಕಾಗಿದೆ.

ಅಂಥ ಪ್ರಯಾಣವೊಂದು ನಮ್ಮ ನೆರೆಯ ಹಡಗಲಿಯಿಂದಲೇ ಆರಂಭವಾಯಿತೆಂಬುದು ಅನೇಕರಿಗೆ ತಿಳಿಯದು. ಜಗದ್ವಿಖ್ಯಾತ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು 1920ರ ಸೆಪ್ಟೆಂಬರ್ 10ರಂದು ಹಡಗಲಿಯಲ್ಲಿ ಜನಿಸಿದರು. ಮನೆತುಂಬ ಮಕ್ಕಳು, ಅವರು ಎಂಟನೆಯವರು. ತಾಯಿ ನಸುಕಿನ ನಾಲ್ಕು ಗಂಟೆಗೆ ಎಬ್ಬಿಸಿ, ಎಣ್ಣೆಯ ದೀಪ ಹಚ್ಚಿಟ್ಟು ಓದಲು ಕೂರಿಸುತ್ತಿದ್ದುದನ್ನು ಅವರು ಕೊನೆಯವರೆಗೂ ಕೃತಜ್ಞತೆಯಿಂದ ಸ್ಮರಿಸಿದರು. 1946ರಲ್ಲಿ ಅವರು ಕೇಂಬ್ರಿಜ್‌ಗೆ ತೆರಳಿದ್ದು ಮನೆಯ ಸಿರಿವಂತಿಕೆಯಿಂದಲ್ಲ. ಅಲ್ಲಿಯ ವಸ್ತುಸಂಗ್ರಹಾಲಯಕ್ಕೆ ಸೂಡಾನಿನಲ್ಲಿ ಅಗೆದು ತೆಗೆದ ಪುರಾತನ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸಬಲ್ಲವರು ಬೇಕಾಗಿದ್ದರು. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಪ್ರೊಫೆಸರ್ ಮಹಾಲನೋಬಿಸ್ ಅವರು ಈ ತರುಣನನ್ನು ಕಳುಹಿಸಿದರು. ಸಂಬಳಕ್ಕೆ ಆ ಕೆಲಸವನ್ನು ಮಾಡುತ್ತಲೇ ಅವರು ರೊನಾಲ್ಡ್ ಫಿಷರ್ ಅವರ ಮಾರ್ಗದರ್ಶನದಲ್ಲಿ 1948ರಲ್ಲಿ ಡಾಕ್ಟರೇಟ್ ಪದವಿ ಪಡೆದರು. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿಗೆ ಪಾತ್ರರಾಗಿ, ಅದೇ ವರ್ಷ ತಮ್ಮ ನೂರಾಎರಡನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈ ಜೀವನದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪ್ರತಿಭೆ ಅವರದು, ದೀಪ ತಾಯಿಯದು. ಆದರೆ ಬಾಗಿಲು ಎಲ್ಲಿದೆಯೆಂದು ಬಲ್ಲ ಹಿರಿಯರೊಬ್ಬರು ಸಕಾಲದಲ್ಲಿ ದೊರೆತರು. ಕನ್ನಡ ನಾಡಿನಿಂದ ಹೊರಟ ಇತರರಿಗೂ ಇಂಥ ನೆರವು ಸಿಕ್ಕಿತ್ತು. ಎ. ಕೆ. ರಾಮಾನುಜನ್ ಅವರು 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದಿಂದ ಅಮೆರಿಕೆಯ ಇಂಡಿಯಾನಾ ವಿಶ್ವವಿದ್ಯಾನಿಲಯವನ್ನು ಸೇರಿದರು. ತೀರ್ಥಹಳ್ಳಿ ಸೀಮೆಯ ಯು. ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಬಲದಿಂದ ಬರ್ಮಿಂಗ್‌ಹ್ಯಾಮ್‌ನಲ್ಲಿ ಓದಿ 1966ರಲ್ಲಿ ಡಾಕ್ಟರೇಟ್ ಪಡೆದರು. ಇನ್ನೂ ಹಿಂದೆ, 1913ರಲ್ಲಿ, ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನವಿಲ್ಲದಿದ್ದರೆ ಡಾ. ಅಂಬೇಡ್ಕರ್ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತುವುದು ದುಸ್ಸಾಧ್ಯವಾಗಿತ್ತು.

ಈ ಬಾಗಿಲುಗಳಲ್ಲಿ ಹಲವು ಇಂದಿಗೂ ತೆರೆದಿವೆ. ಫುಲ್‌ಬ್ರೈಟ್, ಕಾಮನ್‌ವೆಲ್ತ್, ಬ್ರಿಟನ್ನಿನ ಚೀವ್ನಿಂಗ್, ಯೂರೋಪಿನ ಎರಾಸ್ಮಸ್ ಮುಂಡಸ್, ಜರ್ಮನಿಯ ಡಾಡ್ ಮೊದಲಾದವು ಪ್ರತಿವರ್ಷ ಅರ್ಜಿ ಕರೆಯುತ್ತವೆ. ಇವುಗಳಲ್ಲಿ ಕೆಲವು ಎರಡು ಮೂರು ವರ್ಷಗಳ ಕೆಲಸದ ಅನುಭವವನ್ನೇ ಅಪೇಕ್ಷಿಸುತ್ತವೆಯಾದ್ದರಿಂದ, ಪದವಿ ಮುಗಿಸಿ ಉದ್ಯೋಗಕ್ಕೆ ಸೇರಿದವರು ತಮ್ಮ ಕಾಲ ಮುಗಿಯಿತೆಂದು ಭಾವಿಸಬೇಕಾಗಿಲ್ಲ. ಅಮೆರಿಕೆಯಲ್ಲಿ ಡಾಕ್ಟರೇಟ್ ವ್ಯಾಸಂಗಕ್ಕೆ ಆಯ್ಕೆಯಾದ ಅನೇಕರಿಗೆ ಬೋಧನೆ ಅಥವಾ ಸಂಶೋಧನೆಯಲ್ಲಿ ಸಹಾಯಕರಾಗಿ ದುಡಿಯುವುದಕ್ಕೆ ಬದಲಾಗಿ ಶುಲ್ಕದ ವಿನಾಯಿತಿಯೂ ಮಾಸಿಕ ವೇತನವೂ ದೊರೆಯುತ್ತವೆ. ಹಡಗಲಿಯ ರಾವ್ ಅವರು ನಡೆದ ದಾರಿಗೆ ಇದು ಹತ್ತಿರದ್ದು. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೂ ವರ್ಷದ ಜೀವನವೆಚ್ಚಕ್ಕೆಂದು ಹನ್ನೊಂದು ಸಾವಿರ ಯೂರೋಗಳಿಗೂ ಮಿಕ್ಕ ಠೇವಣಿಯನ್ನು ಸಾಮಾನ್ಯವಾಗಿ ಮೊದಲೇ ತೋರಿಸಬೇಕು.

ಸರ್ಕಾರದ ನೆರವಿನ ವಿಷಯದಲ್ಲಿ ನಮ್ಮ ಜನರ ಸ್ಥಿತಿ ತುಸು ಜಟಿಲ. 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಕ್ರೈಸ್ತರಿಗೆ ಸಲ್ಲುವುದಿಲ್ಲವಾದ್ದರಿಂದ, ಆ ವರ್ಗಕ್ಕೆ ಮೀಸಲಾದ ವಿದೇಶ ವಿದ್ಯಾರ್ಥಿವೇತನವೂ ನಮ್ಮವರಿಗೆ ಎಟುಕದು. ರಾಜ್ಯದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿಯೂ ಇತರ ಕ್ರೈಸ್ತರು 3ಬಿ ಪ್ರವರ್ಗದಲ್ಲಿಯೂ ಸೇರಿದ್ದಾರೆ. ತಹಸೀಲ್ದಾರರ ಪ್ರಮಾಣಪತ್ರ ಸರಿಯಾಗಿರದಿದ್ದರೆ ಇಲ್ಲಿಯ ಅರ್ಜಿಯೂ ಬಿದ್ದುಹೋಗುತ್ತದೆ. ಅಲ್ಪಸಂಖ್ಯಾತರ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿಯ ಸಹಾಯಧನ ನೀಡುತ್ತಿದ್ದ ಕೇಂದ್ರದ ‘ಪಢೋ ಪರದೇಶ್’ ಯೋಜನೆ 2022–23ರಿಂದ ನಿಂತುಹೋಯಿತು. ರಾಜ್ಯದ ಅಲ್ಪಸಂಖ್ಯಾತರ ಇಲಾಖೆ ಮತ್ತು ನಿಗಮಗಳ ನೆರವಿನ ಮೊತ್ತ, ಆದಾಯ ಮಿತಿಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ಓದಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ದೊಡ್ಡ ನೆರವುಗಳಲ್ಲಿ ಹೆಚ್ಚಿನವು ಆಯ್ಕೆಯಾದ ಮೇಲೆ ಕೈಗೆ ಬರುವಂಥವು. ಆಯ್ಕೆಗೆ ಮುಂಚಿನ ಖರ್ಚನ್ನು ಕೊಡುವವರು ವಿರಳ. ಪಾಸ್‌ಪೋರ್ಟಿಗೆ 1,500 ರೂಪಾಯಿ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಹದಿನೈದು ಸಾವಿರಕ್ಕೂ ಹೆಚ್ಚು. ಕೆಲವು ವಿಶ್ವವಿದ್ಯಾನಿಲಯಗಳು ಕೇಳುವ ಜಿಆರ್‌ಇ ಪರೀಕ್ಷೆಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು. ಅಮೆರಿಕೆಯ ಒಂದೊಂದು ವಿಶ್ವವಿದ್ಯಾನಿಲಯದ ಅರ್ಜಿಗೆ ಹಲವು ಸಾವಿರ. ಅಂಕಪಟ್ಟಿಗಳ ಅಧಿಕೃತ ಪ್ರತಿ, ಅಂಚೆ, ಬಸ್ಸಿನ ಖರ್ಚು ಬೇರೆ. ಒಟ್ಟು ಅರ್ಧ ಲಕ್ಷವನ್ನು ಸುಲಭವಾಗಿ ದಾಟುತ್ತದೆ. ಲಕ್ಷಾಂತರ ರೂಪಾಯಿಗಳ ವಿದ್ಯಾರ್ಥಿವೇತನಕ್ಕೆ ಅರ್ಹಳಾದ ಕೂಲಿಕಾರರ ಮಗಳು ಈ ಅರ್ಧ ಲಕ್ಷವಿಲ್ಲದೆ ಅರ್ಜಿಯನ್ನೇ ಹಾಕದಿದ್ದರೆ, ಅವಳು ಸೋತಳೆಂದು ಯಾರೂ ಬರೆದಿಡುವುದಿಲ್ಲ. ಅವಳಿದ್ದಳೆಂಬುದೇ ಯಾರಿಗೂ ತಿಳಿಯುವುದಿಲ್ಲ. ಈ ಮೌನವಾದ ನಷ್ಟವನ್ನು ತಡೆಯುವುದು ಒಂದು ಧರ್ಮಕೇಂದ್ರದ ಶಕ್ತಿಯನ್ನು ಮೀರಿದ ಕಾರ್ಯವಲ್ಲ.

ಧರ್ಮಸಭೆಗೆ ಈ ಬಗೆಯ ಕೆಲಸ ಅಪರಿಚಿತವೂ ಅಲ್ಲ. ಜಪಾನಿನ ನಾಗಸಾಕಿಯ ಬಿಷಪರು ಗುರುಮಠಕ್ಕೆ ಬಂದ ಯೋಗ್ಯ ತರುಣರನ್ನು ಹಣವಿಲ್ಲದೆ ಹಿಂದಕ್ಕೆ ಕಳುಹಿಸಬೇಕಾಗಿದೆಯೆಂದು ಬರೆದುದನ್ನು ಓದಿ, ಫ್ರಾನ್ಸಿನ ಸ್ತೆಫನಿ ಬಿಗಾರ್ ಹಾಗೂ ಅವರ ಮಗಳು ಜಾನ್ 1889ರಲ್ಲಿ ಆರಂಭಿಸಿದ ಕಾರ್ಯವೇ ಪ್ರೇಷಿತ ಸಂತ ಪೇತ್ರರ ಸಂಸ್ಥೆಯಾಗಿ ಬೆಳೆಯಿತು. ಕಾಣದ ದೇಶದ ಸಾಧಾರಣ ಭಕ್ತರ ಕಿರುಕಾಣಿಕೆಗಳಿಂದ ಎಷ್ಟೋ ದೇಶಗಳ ಗುರುಗಳು ಓದಿದರು. ಈಗ ಕೊಡುವ ಸರದಿ ನಮ್ಮದು.

ಆದ್ದರಿಂದ ನಮ್ಮ ಸಲಹೆ ಹೀಗಿದೆ. ಉತ್ಸವದ ಲೆಕ್ಕ ಮುಗಿದ ಮೇಲೆ ಉಳಿಯುವ ಹಣ, ವರ್ಷಕ್ಕೊಂದು ಭಾನುವಾರದ ಕಾಣಿಕೆ, ಪರಸ್ಥಳಗಳಲ್ಲಿ ದುಡಿಯುವ ನಮ್ಮವರ ಸಹಾಯ, ಇವಿಷ್ಟರಿಂದ ಅರ್ಜಿನಿಧಿಯೊಂದು ಆರಂಭವಾಗಲಿ. ಒಬ್ಬ ಶಿಕ್ಷಕರು, ಬ್ಯಾಂಕಿನ ವ್ಯವಹಾರ ಬಲ್ಲವರೊಬ್ಬರು, ಒಬ್ಬ ತಾಯಿ ಅದನ್ನು ನೋಡಿಕೊಳ್ಳಲಿ. ಶಿಫಾರಸಿಗೆ ಅಲ್ಲಿ ಎಡೆಯಿರದಿರಲಿ. ಪರೀಕ್ಷೆಯ ಮತ್ತು ಅರ್ಜಿಯ ಶುಲ್ಕವನ್ನು ನಿಧಿಯೇ ನೇರವಾಗಿ ಕಟ್ಟಲಿ. ಶುಲ್ಕ ವಿನಾಯಿತಿ ಕೇಳಿದರೆ ಕೊಡುವ ವಿಶ್ವವಿದ್ಯಾನಿಲಯಗಳೂ ಇವೆ. ಮೊದಲು ಆ ಪತ್ರ ಬರೆಯಲು ಸಹಾಯವಾಗಲಿ. ದುಡಿಮೆ ಆರಂಭವಾದ ಮೇಲೆ ಬಡ್ಡಿಯಿಲ್ಲದೆ ಹಣ ಹಿಂದಿರುಗಲಿ. 1892ರಲ್ಲಿ ಜಮ್‌ಶೇಟ್‌ಜಿ ಟಾಟಾ ಅವರು ಸ್ಥಾಪಿಸಿದ ದತ್ತಿ ವಿದ್ಯಾರ್ಥಿವೇತನವನ್ನು ಸಾಲದ ರೂಪದಲ್ಲಿಯೇ ಕೊಡುತ್ತ ಬಂದಿದೆ. ಒಬ್ಬರು ತೀರಿಸಿದ್ದು ಮತ್ತೊಬ್ಬರಿಗೆ ಒದಗುತ್ತದೆ. ನಮ್ಮ ರಾಜಾ ರಾಮಣ್ಣನವರೂ, ಕೇರಳದ ಬಡಕುಟುಂಬದಿಂದ ಬಂದು ರಾಷ್ಟ್ರಪತಿಗಳಾದ ಕೆ. ಆರ್. ನಾರಾಯಣನ್ ಅವರೂ ಲಂಡನ್ನಿಗೆ ಹೋದದ್ದು ಆ ದತ್ತಿಯಿಂದ.

ಒಂದು ಆಕ್ಷೇಪಣೆಯನ್ನು ನಾವು ಬಲ್ಲೆವು. ಊರಿನ ಶಾಲೆಗೇ ಕೊರತೆಗಳಿರುವಾಗ ಹಾರಿಹೋಗುವ ಹಕ್ಕಿಗೆ ಕಾಳು ಹಾಕುವುದೇಕೆ ಎಂದು ಹಿರಿಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಎಲ್ಲರೂ ಹಿಂದಿರುಗುವರೆಂಬ ಭರವಸೆಯನ್ನು ನಾವು ಕೊಡಲಾರೆವು. ರಾವ್ ಅವರೂ ತಮ್ಮ ಕೊನೆಯ ದಶಕಗಳನ್ನು ಅಮೆರಿಕೆಯಲ್ಲೇ ಕಳೆದರು. ಆದರೆ ಅದಕ್ಕೆ ಮುಂಚೆ ಕೇಂಬ್ರಿಜ್‌ನಿಂದ ಮರಳಿ ಬಂದು ಸುಮಾರು ಮೂರು ದಶಕಗಳ ಕಾಲ ಈ ದೇಶದಲ್ಲಿಯೇ ಶಿಷ್ಯರನ್ನು ತಯಾರಿಸಿದರು. ಊರಿನ ಒಂದು ಮಗು ಹೊರಟರೆ ಶಾಲೆಯಲ್ಲಿರುವ ಇತರ ಮಕ್ಕಳ ಓದಿಗೂ ಒಂದು ಗುರಿ ಕಾಣಿಸುತ್ತದೆ. ಶಾಲೆಗೆ ಸಲ್ಲಬೇಕಾದ ಹಣವನ್ನು ಇದಕ್ಕೆ ತೆಗೆಯಬಾರದೆಂಬ ಮಾತನ್ನು ನಾವೂ ಒಪ್ಪುತ್ತೇವೆ.

ಇನ್ನೆರಡು ಮಾತು. ಈ ನಿಧಿ ಕಥೋಲಿಕ ಮಕ್ಕಳಿಗಷ್ಟೇ ಮೀಸಲಾಗದಿರಲಿ. ಗುಡೇಕೋಟೆಯ ಯಾವ ಮನೆಯ ಮಗುವಾದರೂ ಬಾಗಿಲು ತಟ್ಟಲಿ. ಹಾಗೆಯೇ ತಂದೆತಾಯಿಗಳು, ಮೊದಲು ವಿದ್ಯಾರ್ಥಿವೇತನಗಳನ್ನು ವಿಚಾರಿಸದೆ, ದಲ್ಲಾಳಿಗಳ ಮಾತು ನಂಬಿ ಹೊಲವನ್ನು ಅಡವಿಡಬಾರದು. ಅರ್ಜಿಯ ಸಿದ್ಧತೆ ಒಂದು ವರ್ಷ ಮುಂಚೆಯೇ ಆರಂಭವಾಗಬೇಕು; ಪದವಿಯ ಕೊನೆಯ ವರ್ಷಕ್ಕೆ ಕಾಲಿಟ್ಟವರು ಬರುವ ಭಾನುವಾರ ಬಲಿಪೂಜೆಯ ನಂತರ ಗುರುನಿವಾಸಕ್ಕೆ ಬಂದು ಹೆಸರು ಕೊಡಲಿ.

ತಲಾಂತುಗಳ ಸಾಮತಿಯನ್ನು ನಾವೆಲ್ಲ ಬಲ್ಲೆವು. ಮಣ್ಣಿನಲ್ಲಿ ಹೂತಿಟ್ಟವನನ್ನು ಯಜಮಾನನು ಖಂಡಿಸಿದನು. ನಮ್ಮ ಮಕ್ಕಳ ಪ್ರತಿಭೆ ನಮ್ಮ ಉದಾಸೀನದಿಂದ ಮಣ್ಣುಪಾಲಾದರೆ ಲೆಕ್ಕ ಒಪ್ಪಿಸಬೇಕಾದವರು ನಾವೇ. ಆ ಲೆಕ್ಕವನ್ನು ಸಂತೋಷದಿಂದ ಒಪ್ಪಿಸುವ ಭಾಗ್ಯವನ್ನು ಸರ್ವೇಶ್ವರನು ನಮಗೆಲ್ಲರಿಗೂ ಕರುಣಿಸಲಿ.